ವರ್ಷದ ಮೊದಲ ದಿನ ತೆರೆಯುವ ಪುಸ್ತಕ

(ಯುಗಾದಿಯ ಮುನ್ನಾದಿನ ಗ್ರಂಥಾಲಯವೊಂದರಲ್ಲಿ ನಡೆದ ಓದುಗರ ಕೂಟದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಸಭೆ ಸಮಾರಂಭಗಳಲ್ಲಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು, ದೊಡ್ಡವರು ಹೇಳಿದ್ದನ್ನು ಗೀಚಿಕೊಂಡು, ಕಾಫಿ ಕುಡಿದು ಕಚೇರಿಗೆ ಓಡುವುದು ನನ್ನಂಥ ವರದಿಗಾರನ ಕೆಲಸ. ಇವತ್ತು ಮುಂದೆ ನಿಂತು ಮಾತನಾಡು ಎಂದಿದ್ದೀರಿ. ವಿದ್ವತ್ತಿನ ಭಾಷಣ ನನ್ನಿಂದಾಗದು. ವರದಿಗಾರನಿಗೆ ಗೊತ್ತಿರುವುದು ಒಂದೇ ವಿದ್ಯೆ. ಎಲ್ಲಿ, ಯಾವಾಗ, ಯಾರು, ಏನು, ಏಕೆ ಎಂದು ಕೇಳುತ್ತಾ ಹೋಗುವುದು. ಅದನ್ನೇ ಇಲ್ಲಿಯೂ ಮಾಡುತ್ತೇನೆ.

ಹಬ್ಬದ ವರದಿ ಬರೆಯುವುದು ಎಷ್ಟು ಸುಲಭ ಎಂಬುದನ್ನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕಲಿತೆ. ಹೂವಿನ ಬೆಲೆ ಗಗನಕ್ಕೇರಿತು. ಮಾವಿನ ಸೊಪ್ಪು, ಬೇವಿನ ಸೊಪ್ಪಿನ ವ್ಯಾಪಾರ ಜೋರು. ದೇವಸ್ಥಾನಗಳಲ್ಲಿ ವಿಶೇಷ ಪೂಜೆ, ಪಂಚಾಂಗ ಶ್ರವಣ. ಬೇವು ಬೆಲ್ಲ ಹಂಚಿ ಸಂಭ್ರಮ. ಹಿಂದಿನ ವರ್ಷದ ವರದಿಯಲ್ಲಿ ಸಂವತ್ಸರದ ಹೆಸರನ್ನಷ್ಟೇ ಬದಲಿಸಿದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಆದರೆ ಎರಡನೆಯ ವರ್ಷ ಅದೇ ವಾಕ್ಯಗಳನ್ನು ಬರೆಯುವಾಗ ಒಂದು ಪದ ಕಣ್ಣಿಗೆ ಸಿಕ್ಕಿಕೊಂಡಿತು. ಅದು ‘ಪಂಚಾಂಗ ಶ್ರವಣ’.

ಗಮನಿಸಿ. ನಮ್ಮ ಹೊಸ ವರ್ಷದ ಮುಖ್ಯ ವಿಧಿಗಳಲ್ಲಿ ಒಂದು, ಪುಸ್ತಕವೊಂದನ್ನು ತೆರೆದು ಗಟ್ಟಿಯಾಗಿ ಓದುವುದು. ಊರವರೆಲ್ಲ ಕುಳಿತು ಕೇಳುವುದು. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳ ಆ ಪುಸ್ತಕ ಮಳೆಬೆಳೆಯ ಫಲ ಹೇಳುತ್ತದೆ, ರಾಶಿಗಳ ಆಯವ್ಯಯ ಹೇಳುತ್ತದೆ. ಅಕ್ಷರ ಬಾರದ ರೈತನೂ ಜಗಲಿಯ ಮೇಲೆ ಕುಳಿತು ಕೇಳುತ್ತಿದ್ದ ಪುಸ್ತಕ ಅದು. ಕೇರಳದವರು ವಿಷುವಿನ ಮುಂಜಾನೆ ಕಣ್ಣು ಬಿಟ್ಟೊಡನೆ ನೋಡುವ ಕಣಿಯಲ್ಲಿ ಅಕ್ಕಿ, ಚಿನ್ನ, ಕನ್ನಡಿ, ಕಕ್ಕೆಹೂವುಗಳ ಜತೆಗೆ ಒಂದು ಗ್ರಂಥವನ್ನೂ ಇಡುತ್ತಾರೆ. ಗುಜರಾತಿನ ವ್ಯಾಪಾರಿಗಳು ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ಬಂಗಾಳದ ಅಂಗಡಿಗಳಲ್ಲಿ ವೈಶಾಖದ ಮೊದಲ ದಿನ ‘ಹಾಲ್ ಖಾತಾ’, ಅಂದರೆ ಹೊಸ ಖಾತೆ ಪುಸ್ತಕ, ತೆರೆಯುತ್ತದೆ.

ಹೊಸ ವರ್ಷಕ್ಕೂ ಪುಸ್ತಕಕ್ಕೂ ಈ ನಂಟು ಎಲ್ಲಿಂದ ಬಂತು? ನಮ್ಮಲ್ಲಿ ಮಾತ್ರವೇ ಅಥವಾ ಬೇರೆ ಕಡೆಯೂ ಇದೆಯೇ? ಹುಡುಕುತ್ತಾ ಹೋದ ನನಗೆ ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಅರಸನ ಕೆನ್ನೆಗೆ ಪೆಟ್ಟು

ನಮಗೆ ವಿವರವಾಗಿ ಗೊತ್ತಿರುವ ಅತಿ ಹಳೆಯ ಹೊಸ ವರ್ಷದ ಹಬ್ಬಗಳಲ್ಲಿ ಒಂದು ಬ್ಯಾಬಿಲೋನಿನದು. ಇಂದಿನ ಇರಾಕಿನಲ್ಲಿದ್ದ ಆ ನಗರದಲ್ಲಿ ನಿಸನ್ನು ಎಂಬ ತಿಂಗಳಲ್ಲಿ, ಅಂದರೆ ನಮ್ಮ ಚೈತ್ರದ ಆಸುಪಾಸಿನಲ್ಲಿ, ‘ಅಕಿತು’ ಎಂಬ ಉತ್ಸವ ಹನ್ನೊಂದು ಹನ್ನೆರಡು ದಿನ ನಡೆಯುತ್ತಿತ್ತು. ನಾಲ್ಕನೆಯ ದಿನದ ಸಂಜೆ ಪ್ರಧಾನ ಅರ್ಚಕ ನಗರದೇವತೆ ಮಾರ್ದುಕನ ವಿಗ್ರಹದ ಮುಂದೆ ನಿಂತು ಒಂದು ಕಾವ್ಯವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದ. ಏಳು ಮಣ್ಣಿನ ಫಲಕಗಳಲ್ಲಿ ಬರೆದಿದ್ದ, ಸುಮಾರು ಸಾವಿರ ಸಾಲುಗಳ ಆ ಕಾವ್ಯದ ಹೆಸರು ‘ಎನುಮಾ ಎಲಿಶ್’. ಮಾರ್ದುಕನು ತಿಯಾಮತ್ ಎಂಬ ಕಡಲದೇವಿಯನ್ನು ಗೆದ್ದು, ಅವಳ ದೇಹವನ್ನು ಸೀಳಿ ಆಕಾಶ ಭೂಮಿಗಳನ್ನು ಮಾಡಿ, ನಕ್ಷತ್ರಗಳನ್ನಿಟ್ಟು, ವರ್ಷವನ್ನು ಹನ್ನೆರಡು ತಿಂಗಳಾಗಿ ವಿಂಗಡಿಸಿದ ಕಥೆ ಅದರಲ್ಲಿದೆ. ಕಾಲ ಹುಟ್ಟಿದ ಕಥೆಯನ್ನು ಓದಿಯೇ ಅವರು ಹೊಸ ಕಾಲಕ್ಕೆ ಕಾಲಿಡುತ್ತಿದ್ದರು.

ಮರುದಿನದ ವಿಧಿ ಇನ್ನೂ ಸ್ವಾರಸ್ಯದ್ದು. ಅರಸ ಗುಡಿಗೆ ಬರುತ್ತಿದ್ದ. ಅರ್ಚಕ ಅವನ ಕಿರೀಟ, ರಾಜದಂಡಗಳನ್ನು ಕಸಿದುಕೊಂಡು ಕೆನ್ನೆಗೆ ಬಾರಿಸುತ್ತಿದ್ದ. ಕಿವಿ ಹಿಡಿದೆಳೆದು ದೇವರ ಮುಂದೆ ಮಂಡಿಯೂರಿಸುತ್ತಿದ್ದ. ತಾನು ತಪ್ಪೆಸಗಿಲ್ಲ, ನಗರವನ್ನು ಕಡೆಗಣಿಸಿಲ್ಲ, ಪ್ರಜೆಗಳ ಕೆನ್ನೆಗೆ ಹೊಡೆದು ಅವಮಾನಿಸಿಲ್ಲ ಎಂದು ಅರಸ ಒಪ್ಪಿಸಬೇಕಿತ್ತು. ಬಳಿಕ ಕಿರೀಟವನ್ನು ಮರಳಿಸಿ ಇನ್ನೊಂದು ಪೆಟ್ಟು. ಆಗ ಅರಸನ ಕಣ್ಣಲ್ಲಿ ನೀರು ಬಂದರೆ ವರ್ಷ ಶುಭ. ಬಾರದಿದ್ದರೆ ದೇವರು ಮುನಿದಿದ್ದಾನೆ ಎಂದರ್ಥ. ಅಧಿಕಾರದಲ್ಲಿರುವವರಿಗೆ ವರ್ಷಕ್ಕೊಮ್ಮೆ ಇಂಥದ್ದೊಂದು ಹಬ್ಬ ನಮ್ಮಲ್ಲೂ ಇದ್ದಿದ್ದರೆ ಎಂದು ಯಾವ ವರದಿಗಾರನಿಗೂ ಅನ್ನಿಸದೆ ಇರದು.

ಸಾಮ್ರಾಜ್ಯ ಮಣ್ಣಾಯಿತು. ಗುಡಿಯಲ್ಲಿ ದೀಪ ಆರಿತು. ಮಣ್ಣಿನ ಮೇಲೆ ಬರೆದ ಕಾವ್ಯ ಮಾತ್ರ ನಿನೆವೆಯ ಹಾಳು ಗ್ರಂಥಭಂಡಾರದಲ್ಲಿ ಚೂರುಚೂರಾಗಿ ಉಳಿದಿತ್ತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕುಳಿತು ಆ ಚೂರುಗಳನ್ನು ಓದಿದ ಜಾರ್ಜ್ ಸ್ಮಿತ್ 1876ರಲ್ಲಿ ಅದನ್ನು ಜಗತ್ತಿನ ಮುಂದಿಟ್ಟ.

ದೇವರೊಡನೆ ಸಂದರ್ಶನ

ಜನವರಿ ಒಂದನ್ನು ವರ್ಷದ ಮೊದಲ ದಿನವೆಂದು ನಮಗೆ ಕೊಟ್ಟವರು ರೋಮನ್ನರು. ಕ್ರಿಸ್ತಪೂರ್ವ 153ರಿಂದ ಅವರ ಕಾನ್ಸಲ್‌ಗಳು, ಅಂದರೆ ವರ್ಷಕ್ಕೊಮ್ಮೆ ಆಯ್ಕೆಯಾಗುವ ಆಡಳಿತಗಾರರು, ಅಂದು ಅಧಿಕಾರ ವಹಿಸಿಕೊಳ್ಳುತ್ತಿದ್ದರು. ಕ್ರಿಸ್ತಪೂರ್ವ 45ರಲ್ಲಿ ಜೂಲಿಯಸ್ ಸೀಸರ್ ಪಂಚಾಂಗವನ್ನು ತಿದ್ದಿದಾಗಲೂ ಆ ದಿನವೇ ಉಳಿಯಿತು. ತಿಂಗಳ ಒಡೆಯ ಜಾನಸ್, ಹಿಂದಕ್ಕೊಂದು ಮುಂದಕ್ಕೊಂದು ಮುಖವಿರುವ ಬಾಗಿಲುಗಳ ದೇವರು.

ಓವಿಡ್ ಎಂಬ ಕವಿ ರೋಮನ್ ಹಬ್ಬಗಳ ಬಗ್ಗೆ ‘ಫಾಸ್ತಿ’ ಎಂಬ ಕಾವ್ಯ ಬರೆದ. ಪಂಚಾಂಗವನ್ನೇ ಪದ್ಯ ಮಾಡಿದ ಹಾಗೆ. ಅದರ ಆರಂಭದಲ್ಲಿ ಜಾನಸ್ ದೇವರೇ ಕವಿಯ ಮುಂದೆ ಪ್ರತ್ಯಕ್ಷನಾಗುತ್ತಾನೆ. ಕವಿ ಕೈಯಲ್ಲಿ ಬರೆಯುವ ಹಲಗೆ ಹಿಡಿದು ಒಂದೊಂದೇ ಪ್ರಶ್ನೆ ಕೇಳುತ್ತಾನೆ. ನಮ್ಮ ವೃತ್ತಿಯ ಮೂಲಪುರುಷ ಇವನೇ ಇರಬೇಕು! ವರ್ಷ ಚಳಿಯಲ್ಲಿ ಏಕೆ ಆರಂಭವಾಗುತ್ತದೆ, ವಸಂತದಲ್ಲೇಕಿಲ್ಲ? ಹೊಸ ವರ್ಷದ ದಿನವೂ ಜನ ಸ್ವಲ್ಪ ಕೆಲಸ ಮಾಡುವುದೇಕೆ? ಮೊದಲ ದಿನ ಸೋಮಾರಿಯಾದರೆ ವರ್ಷವೆಲ್ಲ ಹಾಗೇ ಆದೀತು ಎಂದು ದೇವರ ಉತ್ತರ. ಯುಗಾದಿಯ ದಿನ ಅತ್ತರೆ ವರ್ಷವಿಡೀ ಅಳಬೇಕಾಗುತ್ತದೆ ಎಂದು ನಮ್ಮ ಮನೆಗಳಲ್ಲಿ ಮಕ್ಕಳನ್ನು ಹೆದರಿಸುವುದಿಲ್ಲವೇ, ಅದೇ ತರ್ಕ. ಖರ್ಜೂರ, ಅಂಜೂರ, ಜೇನು ಹಂಚುವುದೇಕೆ? ವರ್ಷ ಸಿಹಿಯಾಗಲಿ ಎಂದು. ಸರಿ, ದುಡ್ಡನ್ನೂ ಕಾಣಿಕೆ ಕೊಡುತ್ತಾರಲ್ಲ, ಅದೇಕೆ? ಇಲ್ಲಿ ದೇವರು ನಕ್ಕುಬಿಡುತ್ತಾನೆ. ಕಾಸಿಗಿಂತ ಜೇನು ಸಿಹಿ ಎಂದು ತಿಳಿದ ನಿನಗೆ ನಿನ್ನ ಕಾಲವೇ ಗೊತ್ತಿಲ್ಲ ಎಂಬ ಧಾಟಿಯಲ್ಲಿ ಉತ್ತರ ಕೊಡುತ್ತಾನೆ.

ಎರಡು ಸಾವಿರ ವರ್ಷಗಳ ಹಿಂದಿನ ಈ ವಿನೋದ ಇವತ್ತಿಗೂ ಹಳಸಿಲ್ಲ. ಓದಿನಿಂದ ಸಿಗುವ ಮೊದಲ ಲಾಭ ಇದೇ ಎಂದು ನನಗೆ ತೋರುತ್ತದೆ. ಎಲ್ಲೋ, ಯಾವಾಗಲೋ ಇದ್ದ ಮನುಷ್ಯ ನಮ್ಮ ಹಾಗೆಯೇ ನಕ್ಕಿದ್ದ ಎಂದು ತಿಳಿಯುವುದು. ಆ ನಗೆಯ ಕವಿಯನ್ನು ಕ್ರಿಸ್ತಶಕ 8ರಲ್ಲಿ ಚಕ್ರವರ್ತಿ ಅಗಸ್ಟಸ್ ಕಪ್ಪುಸಮುದ್ರದ ದಡದ ದೂರದ ಊರಿಗೆ ಗಡೀಪಾರು ಮಾಡಿದ. ಅಲ್ಲಿಯೇ ಆತ ಸತ್ತ. ಹನ್ನೆರಡು ತಿಂಗಳಿಗೆ ಹನ್ನೆರಡು ಸರ್ಗ ಬರೆಯಬೇಕೆಂದಿದ್ದವನ ಕಾವ್ಯ ನಮಗೆ ಸಿಗುವುದು ಜೂನ್ ತಿಂಗಳವರೆಗೆ ಮಾತ್ರ.

ಕಲಬುರ್ಗಿಗೆ ಬಾರದ ಕವಿ

ಇನ್ನು ಇರಾನ್. ಹಗಲು ರಾತ್ರಿಗಳು ಸಮನಾಗುವ ಮಾರ್ಚ್ ತಿಂಗಳ ಗಳಿಗೆಯೇ ಅವರ ನೌರೂಜ್. ನಮ್ಮ ಪಾರ್ಸಿ ಬಂಧುಗಳಿಗೂ ಅದು ಜಮ್‌ಶೇದಿ ನವರೋಜ್. ಈ ಹಬ್ಬವನ್ನು ಆರಂಭಿಸಿದವನು ಜಮ್‌ಶೀದ್ ಎಂಬ ಅರಸ ಎಂದು ಫಿರ್ದೌಸಿ 1010ರಲ್ಲಿ ಮುಗಿಸಿದ ‘ಶಾಹ್‌ನಾಮೆ’ ಹೇಳುತ್ತದೆ. ಮನೆಯವರೆಲ್ಲ ಒಂದು ಹಾಸಿನ ಸುತ್ತ ಕೂರುತ್ತಾರೆ. ಅದರ ಮೇಲೆ ಪಾರಸಿಯ ‘ಸ’ ಅಕ್ಷರದಿಂದ ಆರಂಭವಾಗುವ ಏಳು ವಸ್ತುಗಳು: ಮೊಳಕೆ ಬಂದ ಗೋಧಿಪೈರು, ಗೋಧಿಯ ಸಿಹಿ, ಸೇಬು, ಬೆಳ್ಳುಳ್ಳಿ, ಹುಳಿ ಸೊಗಡಿನ ಸುಮಾಕ್ ಪುಡಿ, ವಿನೆಗರ್, ಸೆಂಜೆದ್ ಎಂಬ ಒಣಹಣ್ಣು. ಸಿಹಿ, ಹುಳಿ, ಖಾರ ಎಲ್ಲವೂ ಅಲ್ಲಿವೆ. ನಮ್ಮ ಬೇವು ಬೆಲ್ಲದ ದೂರದ ನೆಂಟರಂತೆ. ಜತೆಗೆ ಒಂದು ಪುಸ್ತಕ. ಕೆಲವರ ಮನೆಯಲ್ಲಿ ಕುರಾನ್, ಕೆಲವರಲ್ಲಿ ಶಾಹ್‌ನಾಮೆ, ಬಹಳಷ್ಟು ಮನೆಗಳಲ್ಲಿ ಹದಿನಾಲ್ಕನೆಯ ಶತಮಾನದ ಕವಿ ಹಾಫಿಜನ ‘ದಿವಾನ್’. ಹಿರಿಯರು ಕಣ್ಣು ಮುಚ್ಚಿ ಅದನ್ನು ತೆರೆದು, ಬೆರಳಿಗೆ ಸಿಕ್ಕ ಗಜಲನ್ನು ಓದುತ್ತಾರೆ. ವರ್ಷದ ಫಲ ಅದರಲ್ಲಿದೆ ಎಂಬ ನಂಬಿಕೆ. ಅವರ ಪಂಚಾಂಗ ಶ್ರವಣ ಇದು, ವ್ಯತ್ಯಾಸವೆಂದರೆ ಓದುವುದು ಪ್ರೇಮಕವಿತೆಯನ್ನು!

ಈ ಹಾಫಿಜನಿಗೂ ನಮ್ಮ ನೆಲಕ್ಕೂ ಒಂದು ಸಂಬಂಧವಿದೆ. ಕಲಬುರ್ಗಿಯಿಂದ ಆಳುತ್ತಿದ್ದ ಬಹಮನಿ ಸುಲ್ತಾನ ಎರಡನೆಯ ಮುಹಮ್ಮದ್ ಶಾ ವಿದ್ಯಾಪ್ರಿಯ. ಶಿರಾಜಿನಲ್ಲಿದ್ದ ಹಾಫಿಜನಿಗೆ ಅವನ ಆಸ್ಥಾನದಿಂದ ಹಣ ಮತ್ತು ಆಹ್ವಾನ ಹೋದವು. ಕವಿ ಹೊರಟೂ ಬಿಟ್ಟ. ಹೊರ್ಮುಜ್ ಬಂದರಿನಲ್ಲಿ ಹಡಗು ಹತ್ತಿದಾಗ ಬಿರುಗಾಳಿ ಎದ್ದಿತು. ಸಮುದ್ರದ ರೌದ್ರವನ್ನು ಕಂಡ ಕವಿ ನೆಪ ಹೇಳಿ ಹಡಗಿನಿಂದಿಳಿದು, ತನ್ನ ಬದಲು ಒಂದು ಗಜಲನ್ನು ಕಳಿಸಿದನಂತೆ. ಈ ಕಥೆ ಹೇಳಿದವನು ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದುಕೊಂಡು ಚರಿತ್ರೆ ಬರೆದ ಫೆರಿಶ್ತಾ. ಕವಿ ಬರಲಿಲ್ಲ, ಕವಿತೆ ಬಂತು. ಸಾಹಿತ್ಯದ ಪ್ರಯಾಣವೇ ಹಾಗೆ. ಬರೆದವನಿಗೆ ದಾಟಲಾಗದ ಕಡಲನ್ನು ಬರಹ ದಾಟುತ್ತದೆ.

ಜಪಾನಿನಲ್ಲಿ ಹೊಸ ವರ್ಷದ ಆಟವೇ ಕವಿತೆಯದು. ಹದಿಮೂರನೆಯ ಶತಮಾನದಲ್ಲಿ ಫುಜಿವಾರ ನೊ ತೈಕಾ ಎಂಬ ಕವಿ ನೂರು ಕವಿಗಳಿಂದ ಒಂದೊಂದು ಕವಿತೆ ಆರಿಸಿ ಸಂಕಲನ ಮಾಡಿದ. ಪ್ರತಿ ಕವಿತೆಗೂ ಮೂವತ್ತೊಂದೇ ಅಕ್ಷರಗಳು. ಹೊಸ ವರ್ಷದ ರಜೆಯಲ್ಲಿ ಈ ನೂರು ಕವಿತೆಗಳ ಉತ್ತರಾರ್ಧ ಬರೆದ ಚೀಟಿಗಳನ್ನು ನೆಲದ ಮೇಲೆ ಹರಡುತ್ತಾರೆ. ಒಬ್ಬರು ಕವಿತೆಯನ್ನು ಮೊದಲಿನಿಂದ ಓದುತ್ತಾರೆ. ಉಳಿದವರು ಅದರ ಉತ್ತರಾರ್ಧವಿರುವ ಚೀಟಿಯನ್ನು ಥಟ್ಟನೆ ಹೊಡೆದು ಎತ್ತಿಕೊಳ್ಳಬೇಕು. ಬಾಯಿಪಾಠ ಬಂದವರು ಮೊದಲ ಅಕ್ಷರ ಕೇಳುತ್ತಲೇ ಕೈ ಹಾಕುತ್ತಾರೆ. ಓತ್ಸು ನಗರದ ಓಮಿ ದೇಗುಲದಲ್ಲಿ ಪ್ರತಿ ಜನವರಿಯಲ್ಲೂ ಇದರ ಚಾಂಪಿಯನ್‌ಶಿಪ್ ಪಂದ್ಯವೇ ನಡೆಯುತ್ತದೆ. ಚಕ್ರವರ್ತಿಯ ಅರಮನೆಯಲ್ಲಿ ಜನವರಿಯಲ್ಲಿ ವರ್ಷದ ಮೊದಲ ಕವಿಗೋಷ್ಠಿ. 1874ರಿಂದ ಸಾಮಾನ್ಯ ಪ್ರಜೆಗಳೂ ಅದಕ್ಕೆ ಕವಿತೆ ಕಳಿಸಬಹುದು. ಹಬ್ಬದ ದಿನ ಮಕ್ಕಳು ಕಾವ್ಯವನ್ನು ಹೀಗೆ ಆಡಿಕೊಂಡು ಕಲಿತರೆ, ಓದಿ ಎಂದು ಯಾರೂ ಗದರಿಸಬೇಕಾಗಿಲ್ಲ.

ಮರದ ಕೆಳಗಿನ ಹಾಡು

ಹೊಸ ವರ್ಷ ಎಲ್ಲ ಕಡೆಯೂ ಇಷ್ಟು ಹಗುರವಾಗಿರುವುದಿಲ್ಲ. ಇಂದಿನ ಬಾಂಗ್ಲಾದೇಶ 1971ರವರೆಗೆ ಪೂರ್ವ ಪಾಕಿಸ್ತಾನವಾಗಿತ್ತು. ರವೀಂದ್ರನಾಥ ಟ್ಯಾಗೋರರ ಹಾಡುಗಳು ಅಲ್ಲಿನ ಆಳುವವರ ಕಣ್ಣಿಗೆ ಹೊರಗಿನವು. ಟ್ಯಾಗೋರರ ಜನ್ಮಶತಾಬ್ದಿಯ ವರ್ಷವಾದ 1961ರಲ್ಲಿ ಢಾಕಾದ ಕೆಲವರು ‘ಛಾಯಾನಟ್’ ಎಂಬ ಸಂಸ್ಥೆ ಕಟ್ಟಿದರು. 1967ರ ವೈಶಾಖದ ಮೊದಲ ಮುಂಜಾನೆ ಅವರು ರಮ್ನಾ ಉದ್ಯಾನದ ಮರವೊಂದರ ಕೆಳಗೆ ಕುಳಿತು ಟ್ಯಾಗೋರರ ಹಾಡುಗಳಿಂದ ಹೊಸ ವರ್ಷವನ್ನು ಬರಮಾಡಿಕೊಂಡರು. ಅದೇ ವರ್ಷ ಸರ್ಕಾರ ರೇಡಿಯೊದಲ್ಲಿ ಟ್ಯಾಗೋರ್ ಗೀತೆಗಳಿಗೆ ಕಡಿವಾಣ ಹಾಕಲು ಹೊರಟಿತು. ಮರದ ಕೆಳಗಿನ ಹಾಡು ಮಾತ್ರ ವರ್ಷವರ್ಷವೂ ದೊಡ್ಡದಾಗುತ್ತಾ ಹೋಯಿತು. 2001ರಲ್ಲಿ ಅದೇ ಜಾಗದಲ್ಲಿ, ಅದೇ ಮುಂಜಾನೆ ಬಾಂಬುಗಳು ಸಿಡಿದು ಹಾಡು ಕೇಳಲು ಬಂದವರು ಸತ್ತರು. ಮುಂದಿನ ವೈಶಾಖದಲ್ಲಿ ಜನ ಮತ್ತೆ ಬಂದು ಅದೇ ಮರದ ಕೆಳಗೆ ಕುಳಿತರು. ಕವಿತೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಆ ಮರವನ್ನು ತೋರಿಸಬಹುದು.

ಗುಮಾಸ್ತನ ಚಿಂತೆ

ಇಂಗ್ಲಿಷರ ಹೊಸ ವರ್ಷ ಎಂದು ನಾವು ಕರೆಯುವ ಜನವರಿ ಒಂದು ಇಂಗ್ಲೆಂಡಿನಲ್ಲೇ ಅಧಿಕೃತವಾದದ್ದು 1752ರಲ್ಲಿ. ಅದಕ್ಕೆ ಮೊದಲು ಅವರ ಕಾನೂನಿನ ವರ್ಷ ಮಾರ್ಚ್ 25ರಂದು ಆರಂಭವಾಗುತ್ತಿತ್ತು. ಅದಾದ ಸುಮಾರು ಎಪ್ಪತ್ತು ವರ್ಷಗಳಿಗೆ, 1821ರ ಜನವರಿಯಲ್ಲಿ, ‘ಲಂಡನ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಹೊಸ ವರ್ಷದ ಹಿಂದಿನ ರಾತ್ರಿಯ ಬಗ್ಗೆ ಒಂದು ಪ್ರಬಂಧ ಪ್ರಕಟವಾಯಿತು. ಬರೆದವನು ಚಾರ್ಲ್ಸ್ ಲ್ಯಾಂಬ್. ಅಕ್ಕ ಮೇರಿಯೊಡನೆ ಸೇರಿ ಶೇಕ್ಸ್‌ಪಿಯರನ ನಾಟಕಗಳನ್ನು ಮಕ್ಕಳಿಗಾಗಿ ಕಥೆಯಾಗಿ ಬರೆದವನು ಇವನೇ. ಹೊಟ್ಟೆಪಾಡಿಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಗುಮಾಸ್ತ. 1792ರಿಂದ 1825ರವರೆಗೆ ಮೂವತ್ತಮೂರು ವರ್ಷ ಅವನು ಬರೆದದ್ದು ಹೆಚ್ಚಾಗಿ ನಮ್ಮ ದೇಶದ ಸರಕಿನ ಲೆಕ್ಕ.

ಬದುಕು ಅವನಿಗೆ ಬೆಲ್ಲಕ್ಕಿಂತ ಬೇವನ್ನೇ ಹೆಚ್ಚು ಬಡಿಸಿತ್ತು. 1796ರಲ್ಲಿ ಮೇರಿ ಚಿತ್ತಭ್ರಮೆಯಲ್ಲಿ ಹೆತ್ತ ತಾಯಿಯನ್ನೇ ಇರಿದು ಕೊಂದಳು. ಇಪ್ಪತ್ತೊಂದು ವರ್ಷದ ಚಾರ್ಲ್ಸ್ ಅಕ್ಕನನ್ನು ಕೈಬಿಡಲಿಲ್ಲ. ಮದುವೆಯಾಗದೆ, ಸಾಯುವವರೆಗೂ ಅವಳನ್ನು ನೋಡಿಕೊಂಡ. ಇಂಥವನು ಹೊಸ ವರ್ಷದ ರಾತ್ರಿ ಗಂಟೆ ಬಾರಿಸುವುದನ್ನು ಕೇಳುತ್ತಾ ಏನು ಯೋಚಿಸುತ್ತಾನೆ? ಹೊಸದೆಂದರೆ ತನಗೆ ಅಳುಕು, ಹೊಸ ಮುಖಗಳಾದರೂ ಅಷ್ಟೇ, ಹೊಸ ವರ್ಷಗಳಾದರೂ ಅಷ್ಟೇ ಎನ್ನುತ್ತಾನೆ. ಸಾಯಲು ತನಗೆ ಇಷ್ಟವಿಲ್ಲ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಬಿಟ್ಟುಹೋಗಬೇಕಾದ ಸುಖಗಳ ಪಟ್ಟಿ ಮಾಡುವಾಗ ತನ್ನ ದಪ್ಪ ದಪ್ಪ ಪುಸ್ತಕಗಳು ನೆನಪಾಗಿ ಅವನ ಎದೆ ಒಡೆಯುತ್ತದೆ. ಅವುಗಳನ್ನು ತೋಳ ತುಂಬ ಎತ್ತಿಕೊಳ್ಳುವ ಸಂತೋಷ ಅಲ್ಲಿ ಇರುತ್ತದೆಯೇ? ಪರಲೋಕದಲ್ಲಿ ಜ್ಞಾನ ತನ್ನಷ್ಟಕ್ಕೆ ಹೊಳೆದುಬಿಡಬಹುದು. ಆದರೆ ಪುಟ ತಿರುವಿ ಓದುವ ಈ ಪರಿಚಿತ ದಾರಿಯಲ್ಲಿ ಬಾರದ ಜ್ಞಾನ ತನಗೇತಕ್ಕೆ ಎಂಬ ಅರ್ಥದ ಮಾತನ್ನಾಡುತ್ತಾನೆ. ಹಗಲೆಲ್ಲ ಪರರ ಲೆಕ್ಕ ಬರೆದು, ಸಂಜೆ ಮನೆಯಲ್ಲಿ ಹೆದರಿಕೆಯನ್ನು ಕಾಯುತ್ತಾ ಕುಳಿತವನಿಗೆ ಓದು ಏನಾಗಿತ್ತು ಎಂಬುದು ಇಲ್ಲಿ ತಿಳಿಯುತ್ತದೆ. ಪುಸ್ತಕ ಅವನ ಕಷ್ಟವನ್ನು ತೆಗೆಯಲಿಲ್ಲ. ಕಷ್ಟದ ಜತೆ ಬದುಕಲು ಸಂಗಾತಿಯಾಯಿತು.

ಹಬ್ಬದ ಹೊರಗೆ ನಿಂತವರು

ಇಷ್ಟು ಹೊತ್ತು ಹಬ್ಬದ ಒಳಗಿರುವವರ ಮಾತಾಯಿತು. ಈಗ ಎರಡು ಕಥೆಗಳ ಮಾತು. ಎರಡರಲ್ಲೂ ಹೊಸ ವರ್ಷದ ಹೊಸ್ತಿಲಲ್ಲಿ ಒಬ್ಬರು ಸಾಯುತ್ತಾರೆ.

ಮೊದಲನೆಯದು ನಿಮ್ಮಲ್ಲಿ ಅನೇಕರಿಗೆ ಶಾಲೆಯ ದಿನಗಳಿಂದ ಗೊತ್ತಿರುವ, ಬೆಂಕಿಕಡ್ಡಿ ಮಾರುವ ಪುಟ್ಟ ಹುಡುಗಿಯ ಕಥೆ. ಡೆನ್ಮಾರ್ಕಿನ ಹ್ಯಾನ್ಸ್ ಆಂಡರ್ಸನ್ ಬರೆದದ್ದು. ಅದು ಮೊದಲು ಅಚ್ಚಾದದ್ದು ಒಂದು ಪಂಚಾಂಗದಲ್ಲಿ! 1846ನೇ ಸಾಲಿನ ಜನಪ್ರಿಯ ಪಂಚಾಂಗವೊಂದರ ಸಂಪಾದಕ ಆಂಡರ್ಸನ್‌ಗೆ ಮೂರು ಚಿತ್ರಗಳನ್ನು ಕಳಿಸಿ, ಒಂದಕ್ಕೆ ಕಥೆ ಬರೆದುಕೊಡಿ ಎಂದು ಕೇಳಿದ. ಆಂಡರ್ಸನ್ ಆರಿಸಿಕೊಂಡದ್ದು ಬೆಂಕಿಕಡ್ಡಿ ಹಿಡಿದ ಹುಡುಗಿಯ ಚಿತ್ರವನ್ನು. ಅವನ ತಾಯಿಯನ್ನು ಚಿಕ್ಕಂದಿನಲ್ಲಿ ಮನೆಯವರು ಭಿಕ್ಷೆ ಬೇಡಲು ಅಟ್ಟುತ್ತಿದ್ದರಂತೆ. ವರ್ಷದ ಕೊನೆಯ ರಾತ್ರಿ, ಕಿಟಕಿಗಳಲ್ಲೆಲ್ಲ ದೀಪ, ಬೀದಿಯಲ್ಲಿ ಹುರಿದ ಬಾತಿನ ಪರಿಮಳ. ಹುಡುಗಿ ಚಳಿ ತಾಳಲಾರದೆ ಒಂದೊಂದೇ ಕಡ್ಡಿ ಗೀರುತ್ತಾಳೆ. ಒಂದೊಂದು ಬೆಳಕಿನಲ್ಲೂ ಒಂದು ಕನಸು, ಕೊನೆಯದರಲ್ಲಿ ಅಜ್ಜಿ. ಬೆಳಗಾದಾಗ ಹೊಸ ವರ್ಷದ ಬಿಸಿಲು ಅವಳ ಹೆಣದ ಮೇಲೆ ಬಿದ್ದಿರುತ್ತದೆ. ಮುಂದಿನ ವರ್ಷದ ಶುಭದಿನಗಳನ್ನು ತಿಳಿಯಲು ಪಂಚಾಂಗ ತೆರೆದವರ ಕಣ್ಣಿಗೆ ಬಿದ್ದ ಕಥೆ ಇದು.

ಎರಡನೆಯದು ಚೀನಾದ ಲೂ ಶುನ್ 1924ರಲ್ಲಿ ಬರೆದ, ಹೊಸ ವರ್ಷದ ಪೂಜೆಯ ಕಥೆ. ಕಥಾನಾಯಕಿಗೆ ಸ್ವಂತ ಹೆಸರೇ ಇಲ್ಲ. ಎಲ್ಲರೂ ಕರೆಯುವುದು ಶಿಯಾಂಗ್‌ಲಿನ್‌ನ ಹೆಂಡತಿ ಎಂದೇ. ಗಂಡ ಸತ್ತ ಮೇಲೆ ದೊಡ್ಡ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಅತ್ತೆ ಎಳೆದೊಯ್ದು ಬೆಟ್ಟದೂರಿನವನಿಗೆ ಮಾರಿ ಮದುವೆ ಮಾಡಿಸುತ್ತಾಳೆ. ಅವನೂ ಜ್ವರದಿಂದ ಸಾಯುತ್ತಾನೆ, ಮಗುವನ್ನು ತೋಳ ಹೊತ್ತೊಯ್ಯುತ್ತದೆ. ಮತ್ತೆ ಅದೇ ಮನೆಗೆ ಬರುತ್ತಾಳೆ. ಈಗ ಅವಳು ಅಪಶಕುನ. ಹೊಸ ವರ್ಷದ ನೈವೇದ್ಯದ ಪಾತ್ರೆಗಳನ್ನು ಮುಟ್ಟಬಾರದು. ವರ್ಷದ ಸಂಬಳವನ್ನೆಲ್ಲ ಸುರಿದು ಗುಡಿಗೆ ಹೊಸ್ತಿಲೊಂದನ್ನು ಕಾಣಿಕೆ ಕೊಟ್ಟು, ಪಾಪ ಕಳೆಯಿತೆಂದು ನಂಬಿ, ಮುಂದಿನ ಪೂಜೆಯಲ್ಲಿ ಪಾತ್ರೆಗೆ ಕೈ ಚಾಚುತ್ತಾಳೆ. ಇಟ್ಟುಬಿಡು ಎಂದು ಯಜಮಾನಿ ಕೂಗುತ್ತಾಳೆ. ಅಷ್ಟೇ. ಅಲ್ಲಿಂದ ಅವಳು ಮತ್ತೆ ಮನುಷ್ಯಳಾಗುವುದಿಲ್ಲ. ಕೊನೆಗೆ ಭಿಕ್ಷುಕಿಯಾಗಿ, ಊರೆಲ್ಲ ಪಟಾಕಿ ಹಚ್ಚುವ ಹೊತ್ತಿಗೆ ಸತ್ತಿರುತ್ತಾಳೆ.

ಈ ಕಥೆ ಹೇಳುವವನು ಪಟ್ಟಣದಲ್ಲಿ ಓದಿ ಹಬ್ಬಕ್ಕೆಂದು ಊರಿಗೆ ಬಂದ ಯುವಕ. ಸತ್ತ ಮೇಲೆ ಆತ್ಮ ಇರುತ್ತದೆಯೇ ಎಂದು ಅವಳು ಅವನನ್ನು ಕೇಳುತ್ತಾಳೆ. ಅವನು ತಡವರಿಸಿ, ಖಚಿತವಾಗಿ ಹೇಳಲಾಗದು ಎಂದು ಜಾರಿಕೊಳ್ಳುತ್ತಾನೆ. ಪತ್ರಿಕೋದ್ಯಮದ ಡಿಪ್ಲೊಮಾ ಓದುತ್ತಿದ್ದಾಗ ಈ ಕಥೆ ಓದಿದ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ. ಏಕೆಂದರೆ ಪಟ್ಟಣದಲ್ಲಿ ಓದಿ ಹಬ್ಬಕ್ಕೆ ಊರಿಗೆ ಹೋಗುವ ಯುವಕ ನಾನೇ ಆಗಿದ್ದೆ.

ನಮ್ಮ ಮನೆಯಲ್ಲಿ ಯುಗಾದಿಯ ಮುಂಜಾನೆ ಎಣ್ಣೆ ಶಾಸ್ತ್ರ. ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ನೆತ್ತಿಗೆ ಎಣ್ಣೆ ಇಡುತ್ತಾರೆ. ಹಿಂದಿನ ಸಂಜೆ ಎಣ್ಣೆ ಕಾಯಿಸುವವರು ಅಜ್ಜಿ. ಹೂರಣ ರುಬ್ಬುವವರು, ಬೇವಿನ ಹೂ ಬಿಡಿಸಿಡುವವರು ಅಜ್ಜಿ. ಎಣ್ಣೆ ಇಡುವವರು ಮಾತ್ರ ಅಮ್ಮ ಮತ್ತು ಚಿಕ್ಕಮ್ಮ. ಆ ಹೊತ್ತಿನಲ್ಲಿ ಅಜ್ಜಿ ಹಿತ್ತಲ ಕಡೆ ಇರುತ್ತಿದ್ದರು. ತಾತ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಯಾರೂ ಅಜ್ಜಿಯನ್ನು ಬೈದದ್ದಿಲ್ಲ, ಕೂಗಿದ್ದಿಲ್ಲ. ಕೂಗುವ ಅಗತ್ಯವೇ ಇರಲಿಲ್ಲ. ಅವರೇ ಎದ್ದು ಹೋಗುತ್ತಿದ್ದರು. ಇಪ್ಪತ್ತು ಯುಗಾದಿಗಳನ್ನು ಕಂಡ ನಾನು ಅದನ್ನು ನೋಡಿಯೇ ಇರಲಿಲ್ಲ. ಚೀನಾದವನೊಬ್ಬ ಬಂದು ನಮ್ಮ ಹಿತ್ತಲ ಬಾಗಿಲನ್ನು ತೋರಿಸಬೇಕಾಯಿತು.

ಚೀನಾದವರೆಗೆ ಹೋಗಬೇಕಾಗಿರಲಿಲ್ಲ, ನಿಜ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲೇ ಬಂದಿತ್ತು. ಪ್ರೇಮಾ ಕಾರಂತರು ಅದನ್ನು 1983ರಲ್ಲಿ ಚಲನಚಿತ್ರ ಮಾಡಿದ್ದರು. ಬಾಲ್ಯದಲ್ಲೇ ವಿಧವೆಯಾಗಿ, ಕಹಿಯನ್ನೆಲ್ಲ ನುಂಗಿ, ಇತರರಿಗೆ ತಂಪನ್ನೇ ಹಂಚಿದ ಆ ಹೆಂಗಸಿನ ಕಥೆಯನ್ನು ನಾನು ಪರೀಕ್ಷೆಗಾಗಿ ಓದಿದ್ದೆ, ಅಂಕವನ್ನೂ ಪಡೆದಿದ್ದೆ. ಪರೀಕ್ಷೆಗೆ ಓದುವುದು ಬೇರೆ, ನಮ್ಮ ಮನೆಗೆ ತಂದುಕೊಂಡು ಓದುವುದು ಬೇರೆ ಎಂದು ಆಗ ತಿಳಿಯಿತು. ಲೂ ಶುನ್‌ನ ಬಳಿಕ ಫಣಿಯಮ್ಮನನ್ನು ಮತ್ತೆ ತೆರೆದೆ. ಈ ಸಲ ಅಂಕಗಳ ಹಂಗಿರಲಿಲ್ಲ.

ಆ ವರ್ಷ ಊರಿಗೆ ಹೋದೆ. ಮಣೆಯ ಮೇಲೆ ಕುಳಿತವನು, ‘ಅಜ್ಜಿ ಎಣ್ಣೆ ಇಡಲಿ’ ಎಂದೆ. ಮನೆ ಒಂದು ಗಳಿಗೆ ಸ್ತಬ್ಧವಾಯಿತು. ‘ಬೇಡ ಕಣೋ ಮಗಾ, ವರ್ಷದ ಮೊದಲ ದಿನ’ ಎಂದು ಅಜ್ಜಿ ಹಿತ್ತಲಿನಿಂದಲೇ ಹೇಳಿದರು. ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಕೊನೆಗೆ ಅಮ್ಮನೇ ಎಣ್ಣೆಯ ಬಟ್ಟಲು ಹಿಡಿದುಕೊಂಡು ಹೋಗಿ, ‘ಬನ್ನಿ ಅತ್ತೆ, ಅವನು ಏಳೋ ಹಾಗೆ ಕಾಣಲ್ಲ’ ಎಂದರು. ಅಜ್ಜಿ ಬಂದರು. ಎಣ್ಣೆ ಇಡುವಾಗ ಚಿರಂಜೀವಿಗಳ ಹೆಸರು ಹೇಳುವ ಪದ್ಧತಿ ಉಂಟಲ್ಲ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಒಂದೂ ತಪ್ಪದೆ ಏಳೂ ಹೆಸರು ಹೇಳಿದರು. ಇಷ್ಟು ವರ್ಷ ಅವರು ಹಿತ್ತಲಲ್ಲಿ ನಿಂತು ಅವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಇದನ್ನು ನನ್ನ ಹಿರಿಮೆಗಾಗಿ ಹೇಳುತ್ತಿಲ್ಲ. ಒಂದು ಕಥೆ ಓದಿದ್ದಕ್ಕೆ ಜಗತ್ತು ಬದಲಾಗುವುದಿಲ್ಲ. ನೂರಾರು ಪುಸ್ತಕ ಓದಿಯೂ ಮನೆಯವರನ್ನು ಹಿತ್ತಲಲ್ಲಿ ನಿಲ್ಲಿಸುವವರಿದ್ದಾರೆ. ಒಂದಕ್ಷರ ಬಾರದೆಯೂ ಎಲ್ಲರನ್ನೂ ಪಡಸಾಲೆಗೆ ಕರೆಯುವವರಿದ್ದಾರೆ. ಲೂ ಶುನ್‌ನ ಯುವಕನೂ ಓದಿದವನೇ, ಅವನು ಜಾರಿಕೊಂಡ. ಓದು ಕೊಡುವುದು ಒಂದು ಅವಕಾಶವನ್ನು ಮಾತ್ರ. ದಿನವೂ ಕಾಣುವ ಕಾರಣಕ್ಕೇ ಕಾಣದಂತಾಗಿರುವುದನ್ನು ಇನ್ನೊಬ್ಬರ ಕಣ್ಣಿನಿಂದ ನೋಡುವ ಅವಕಾಶ. ನೋಡಿದ ಮೇಲೆ ಏನು ಮಾಡುತ್ತೇವೆ ಎಂಬುದು ನಮಗೆ ಬಿಟ್ಟದ್ದು.

ಯಾರ ಭವಿಷ್ಯ?

ಪ್ರತಿ ಹೊಸ ವರ್ಷಕ್ಕೂ ನಮ್ಮ ಪತ್ರಿಕೆಗಳಲ್ಲಿ ವರ್ಷಭವಿಷ್ಯ ಪ್ರಕಟವಾಗುತ್ತದೆ. ಅತಿ ಹೆಚ್ಚು ಜನ ಓದುವ ಪುಟಗಳಲ್ಲಿ ಅದೂ ಒಂದು ಎಂದು ಕಚೇರಿಯಲ್ಲಿ ಹಿರಿಯರು ಹೇಳುತ್ತಾರೆ. ನಾನೂ ನನ್ನ ರಾಶಿಯನ್ನು ಮೊದಲು ನೋಡುತ್ತೇನೆ, ಸುಳ್ಳು ಹೇಳುವುದಿಲ್ಲ. ಆ ಪುಟದಲ್ಲಿ ನಾವು ಹುಡುಕುವುದು ನಮಗೇನಾಗುತ್ತದೆ ಎಂಬುದನ್ನು. ಕಥೆ, ಕಾದಂಬರಿ, ಕಾವ್ಯಗಳ ಪುಟದಲ್ಲಿ ಸಿಗುವುದು ಇತರರಿಗೆ ಏನಾಯಿತು ಎಂಬುದು. ಮೊದಲನೆಯದು ನಿಜವಾದೀತೋ ಇಲ್ಲವೋ. ಎರಡನೆಯದು ಎಲ್ಲೋ ಯಾರಿಗೋ ಆಗಲೇ ನಿಜವಾಗಿದೆ.

ಬೇಂದ್ರೆಯವರ ‘ಯುಗಾದಿ’ ಕವಿತೆ ನಮಗೆಲ್ಲ ಬಾಯಿಪಾಠ. 1963ರ ‘ಕುಲವಧು’ ಚಿತ್ರದಲ್ಲಿ ಎಸ್. ಜಾನಕಿಯವರು ಹಾಡಿದ ಮೇಲಂತೂ ಆ ಹಾಡಿಲ್ಲದೆ ನಮಗೆ ಹಬ್ಬವೇ ಇಲ್ಲ. ಹಾಡಿನ ಇಂಪಿನಲ್ಲಿ ಅದರೊಳಗಿನ ನೋವನ್ನು ಮರೆತುಬಿಡುತ್ತೇವೆ. ಮರಗಿಡಗಳಿಗೆ ವರುಷಕ್ಕೊಮ್ಮೆ ಹೊಸ ಹುಟ್ಟು ಬರುತ್ತದೆ. ಮನುಷ್ಯನಿಗೇಕೆ ಒಂದೇ ಜನ್ಮ, ಒಂದೇ ಬಾಲ್ಯ, ಒಂದೇ ಹರೆಯ ಎಂದು ಕವಿ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಿಲ್ಲ. ಲ್ಯಾಂಬ್ ಲಂಡನ್ನಿನಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಆದರೆ ಓದುವವನಿಗೆ ಒಂದು ಸಣ್ಣ ಸಮಾಧಾನವಿದೆ. ನಮ್ಮದು ಒಂದೇ ಬಾಳು, ಸರಿ. ಪುಸ್ತಕ ಹಿಡಿದು ಕುಳಿತಷ್ಟು ಹೊತ್ತು ಇನ್ನೊಬ್ಬರ ಬಾಳೂ ಸ್ವಲ್ಪ ನಮ್ಮದಾಗುತ್ತದೆ.

ನನ್ನ ಕೋರಿಕೆ ಚಿಕ್ಕದು. ನಾಳೆ ಬೇವು ಬೆಲ್ಲದ ತಟ್ಟೆಯ ಪಕ್ಕದಲ್ಲಿ ಪಂಚಾಂಗದ ಜತೆಗೆ ಇನ್ನೊಂದು ಪುಸ್ತಕವಿರಲಿ. ಕಥೆಯಾಗಲಿ, ಕವಿತೆಯಾಗಲಿ, ಯಾವುದಾದರೂ ಸರಿ. ಒಬ್ಬಟ್ಟಿನ ಊಟ ಮುಗಿದ ಮೇಲೆ ಮನೆಯಲ್ಲಿ ಓದು ಬಲ್ಲ ಚಿಕ್ಕವರೊಬ್ಬರು ಅದರ ಒಂದು ಪುಟವನ್ನು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಓದಲು ಆರಂಭಿಸುವ ಮೊದಲು, ಮನೆಯವರೆಲ್ಲ ಪಡಸಾಲೆಗೆ ಬಂದಿದ್ದಾರೆಯೇ ಎಂದು ಒಮ್ಮೆ ಸುತ್ತ ನೋಡಿ. ಹಿತ್ತಲಲ್ಲಿ ಯಾರಾದರೂ ಉಳಿದಿದ್ದರೆ ಅವರನ್ನೂ ಕರೆಯಿರಿ.

ನಾಳೆ ಮಧ್ಯಾಹ್ನದೊಳಗೆ ನಾನು ಹೂವಿನ ಬೆಲೆಯ ವರದಿ ಕೊಡಬೇಕು. ಅಪ್ಪಣೆ ಕೊಡಿ.